ಚಂಪಾ ಆಂಟಿಯ ಆಯುಧಪೂಜೆ

ಸೈಕಲ್ ಚಕ್ರಕ್ಕೆ ತಾಗಿಸಿದ ಬೆರಳನ್ನು ಮೂಗಿಗೆ ಹಿಡಿದು ನೋಡಿದಳು. ತೆಂಗಿನೆಣ್ಣೆ. ಇದನ್ನೀಗ ಯಾರಿಗಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದಲ್ಲ ಎಂದು ಆಶ್ರಿತಾಳಿಗೆ ಚಿಂತೆ ಹತ್ತಿತು. ಸೈಕಲ್ ತಪಾಸಣೆಗೆ ಅವಳು ಒಪ್ಪಿಕೊಂಡಿದ್ದೇ ಅದು ಮಾತಾಡಬೇಕಿಲ್ಲದ ಕೆಲಸ ಎಂಬ ಕಾರಣಕ್ಕೆ. ಟೈರು ಒತ್ತಿ ನೋಡುವುದು, ಹ್ಯಾಂಡಲ್ ಅಲುಗಿಸಿ ನೋಡುವುದು, ಚೈನು ಸಡಿಲವಾಗಿದೆಯೇ ಎಂದು ಎತ್ತಿ ನೋಡುವುದು, ಆಮೇಲೆ ಎರಡೂ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳುವುದು. ಈ ಕೊನೆಯ ಪರೀಕ್ಷೆಯಲ್ಲಿ ಸೈಕಲ್ ಅಲ್ಲಾಡಬಾರದು. ಇದೋ, ಹಬ್ಬಕ್ಕೆ ತವರಿಗೆ ಹೊರಟ ಹೆಣ್ಣಿನಂತೆ ಸಲೀಸಾಗಿ ಮುಂದೆ ಹೋಗಿತ್ತು. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ.

ಪರವೂರಾದ ಸೀವುಡ್ಸ್‌ನ ಆ ವಸತಿ ಸೊಸೈಟಿಯ ಮೇಲಿನ ಪಾರ್ಕಿಂಗ್‌ನಲ್ಲಿ ಕನ್ನಡದವರ ಸೈಕಲ್ಲುಗಳೆಲ್ಲ ಮಾಲೆ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಇವತ್ತು ವಿಜಯದಶಮಿಯ ಬೆಳಿಗ್ಗೆ ಎಲ್ಲರೂ ಸೇರಿ ಬೇಲಾಪುರದವರೆಗೆ ಸವಾರಿ ಹೋಗುವುದೆಂದು ಮಾತಾಗಿತ್ತು. ಹಿಂದಿನ ದಿನ ಪೂಜೆ ಮಾಡಿದವರು ಚಂಪಾ ಆಂಟಿ. ಉಡುಪಿಯ ಹೋಟೆಲ್ ಮನೆತನದವರು. ರುಬ್ಬುವ ಕಲ್ಲಿನಿಂದ ಹಿಡಿದು ತಕ್ಕಡಿಯವರೆಗೆ ಎಲ್ಲಕ್ಕೂ ಎಣ್ಣೆ ಹಚ್ಚಿ ಹೊಳೆಯಿಸದೆ ಅವರಿಗೆ ಆಯುಧಪೂಜೆ ಆದಂತೆಯೇ ಅಲ್ಲ. ಖಾಡಿಯ, ಅಂದರೆ ಪಕ್ಕದ ಕಡಲ ಹಿನ್ನೀರಿನ, ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಸೈಕಲ್ ಚಕ್ರದ ಕಡ್ಡಿ ಕಡ್ಡಿಗೂ, ಬ್ರೇಕಿನ ರಬ್ಬರ್ ಕಚ್ಚಿ ಹಿಡಿಯುವ ಆ ಸುತ್ತುಪಟ್ಟಿಗೂ ತೆಂಗಿನೆಣ್ಣೆ ತಿಕ್ಕಿದ್ದರು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಆಶ್ರಿತಾ ಒಂದು ಹಳೆಯ ಬಟ್ಟೆ ಹುಡುಕಿ ಸದ್ದಿಲ್ಲದೆ ಒರೆಸತೊಡಗಿದಳು. ಎಣ್ಣೆ ಹೋಗುವುದಿರಲಿ, ಇನ್ನಷ್ಟು ಹರಡಿತು. ಅಷ್ಟರಲ್ಲಿ ಬೆನ್ನ ಹಿಂದೆ ಬಳೆಯ ಸದ್ದು.

“ಅಲ್ಲಿ ಸ್ವಲ್ಪ ಬಿಟ್ಟುಹೋಗಿದೆ ಅಲ್ವಾ? ನೀನೊಬ್ಬಳಾದರೂ ಕಂಡೆಯಲ್ಲ, ಪುಣ್ಯ. ಇಕೊ, ಸರಿಯಾಗಿ ಹಚ್ಚು,” ಎಂದು ಚಂಪಾ ಆಂಟಿ ಬಾಟಲಿಯನ್ನೇ ಅವಳ ಕೈಗೆ ಕೊಟ್ಟರು.

ಸೊಸೈಟಿಯ ಚೇರ್ಮನ್ ಕೂಡ ಲಿಫ್ಟಿನಲ್ಲಿ ಇವರನ್ನು ಕಂಡರೆ ಮೆಟ್ಟಿಲು ಹಿಡಿಯುತ್ತಾರೆ. ಆಶ್ರಿತಾ ಯಾವ ಲೆಕ್ಕ. ಅವಳು ಸೈಕಲ್ಲಿನ ಬೆಲ್ಲಿಗೊಂದಿಷ್ಟು ಎಣ್ಣೆ ಹಚ್ಚಿದಳು.

ಮೊದಲು ಬಂದವನು ಯತಿನ್, ಇಲ್ಲೇ ಹುಟ್ಟಿ ಬೆಳೆದ ಹುಡುಗ. ಪಾರ್ಕಿಂಗ್‌ನಲ್ಲೇ ಒಂದು ಸುತ್ತು ಹೊಡೆದ. ತಿರುವಿನಲ್ಲಿ ಬ್ರೇಕ್ ಒತ್ತಿದ, ಇನ್ನೂ ಗಟ್ಟಿಯಾಗಿ ಒತ್ತಿದ, ಕೊನೆಗೆ ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತ ಬಂದು ಕಂಬವನ್ನು ತಬ್ಬಿಕೊಂಡ. ಆಶ್ರಿತಾಳತ್ತ ನೋಡಿದ. ಆಶ್ರಿತಾ ತನ್ನ ಚಪ್ಪಲಿ ನೋಡಿಕೊಂಡಳು. ಹೇಗೆ ಹೋಗ್ತದೆ ಎಂದು ಆಂಟಿ ಅಲ್ಲಿಂದಲೇ ವಿಚಾರಿಸಿದರು.

“ಏಕ್‌ದಮ್ ಸ್ಮೂತ್, ಆಂಟಿ. ಲೇಕಿನ್ ಈಗ ನೆನಪಾಯ್ತು, ಕ್ಲೈಂಟ್ ಕಾಲ್ ಹೈ.”

ದಸರೆಯ ದಿನ ಎಂಥ ಕಾಲ್ ಎಂದು ಆಂಟಿ ಕೇಳುವುದರೊಳಗೆ ಅವನು ಫೋನನ್ನು ಕಿವಿಗಿಟ್ಟಾಗಿತ್ತು. ಆಮೇಲೆ ಬಂದವರು ಆಂಟಿಯ ಗಂಡ ವಸಂತಕುಮಾರ. ಅವರು ಸೈಕಲ್ ಹತ್ತುವ ಗೋಜಿಗೇ ಹೋಗಲಿಲ್ಲ. ಚಕ್ರಕ್ಕೆ ಬೆರಳು ತಾಗಿಸಿ, ಅಂಗಡಿಯಲ್ಲಿ ತುಪ್ಪ ನೋಡುವವರಂತೆ ಉಜ್ಜಿ, ಮೂಸಿ, ಹೆಂಡತಿಯ ಕಡೆಗೊಮ್ಮೆ ನೋಡಿದರು. ಆ ಕ್ಷಣದಿಂದ ಅವರ ಮೊಣಕಾಲು ನೋಯತೊಡಗಿತು. ಉಳಿದ ಮನೆಗಳವರಲ್ಲಿ ಒಬ್ಬರಲ್ಲಿಗೆ ಅತಿಥಿಗಳು ಬರುವವರಿದ್ದರು, ಇನ್ನೊಬ್ಬರಿಗೆ ಹೊಟ್ಟೆ ಸರಿಯಿರಲಿಲ್ಲ. ಎಲ್ಲರೂ ಬಂದರು, ಬ್ರೇಕ್ ಒತ್ತಿ ನೋಡಿದರು, ಪೂಜೆಯ ಅಲಂಕಾರವನ್ನು ಹೊಗಳಿದರು, ಗೋಡೆಗೊರಗಿ ನಿಂತರು.

ಚಂಪಾ ಆಂಟಿಯ ಮುಖ ಸಣ್ಣದಾಯಿತು. ನಿನ್ನೆ ಮಧ್ಯಾಹ್ನ ಊಟ ಬಿಟ್ಟು ಒಂದೊಂದನ್ನೂ ತಿಕ್ಕಿದ್ದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ಪೂಜೆಯಾದ ಗಾಡಿ ಲಿಂಬೆಹಣ್ಣಿನ ಮೇಲೆ ಹತ್ತಿ ಹೋಗದೆ ಹಾಗೇ ನಿಲ್ಲಬಾರದು. ನಿಮ್ಮಿಂದಾಗುವುದಿಲ್ಲ ಅಂತಾದರೆ ನಾನೇ ಹೋಗಿ ಬರ್ತೇನೆ.”

ಸಾಲಿನಲ್ಲಿದ್ದ ಲೇಡೀಸ್ ಸೈಕಲನ್ನು ಎಳೆದು ಏರಿದರು. ಮುಂದಿನ ಚಕ್ರದಡಿ ಲಿಂಬೆಹಣ್ಣು ಚಟಕ್ಕೆಂದಿತು. ಅದರಾಚೆ ಕಾರುಗಳು ಇಳಿಯುವ ಇಳಿಜಾರು, ಅದರ ಕೊನೆಗೆ ತೆರೆದ ಗೇಟು, ಗೇಟಿನಾಚೆ ಹಾರನ್ ಹೊಡೆಯುತ್ತ ಸಾಗುವ ರಿಕ್ಷಾ, ಬಸ್ಸು. ವಸಂತಕುಮಾರರು ಮೊಣಕಾಲು ನೀವಿಕೊಂಡರು. ಯತಿನ್ ಫೋನಿನಲ್ಲಿ ಹಲೋ ಹಲೋ ಎನ್ನುತ್ತಲೇ ಇದ್ದ.

ಆಶ್ರಿತಾ ಓಡಿಹೋಗಿ ಎರಡೂ ಕೈಯಿಂದ ಕ್ಯಾರಿಯರ್ ಹಿಡಿದಳು.

“ಬಿಡು ಮಾರಾಯ್ತಿ, ನಾನು ಕಾರ್ಕಳದಲ್ಲಿ ಕಾಲೇಜಿಗೆ ಸೈಕಲಲ್ಲೇ ಹೋದವಳು.”

ಅವಳು ಬಿಡಲಿಲ್ಲ. ಸೈಕಲ್ ಇಳಿಜಾರಿಗೆ ಬಾಗಿತು. ಅವಳ ಚಪ್ಪಲಿ ನೆಲದ ಮೇಲೆ ಜಾರತೊಡಗಿತು. ಬ್ರೇಕ್ ಹಿಡಿದು ನೋಡಿ ಎಂದು ಅವಳು ಹೇಳಿದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಚಂಪಾ ಆಂಟಿಗೆ ಕೇಳಿಸಿತು. ಹಿಡಿದರು. ಚಕ್ರ ತಿರುಗುತ್ತಲೇ ಇತ್ತು. ಗಟ್ಟಿಯಾಗಿ ಹಿಡಿದರು. ಆಮೇಲೆ ಎರಡೂ ಕಾಲು ಊರಿ, ಹಿಂದಿನಿಂದ ಆಶ್ರಿತಾ ಎಳೆಯುತ್ತಿರಲು ಹೇಗೋ ನಿಂತರು. ಹೊಳೆಯುವ ಚಕ್ರಕ್ಕೆ ಬೆರಳಿಟ್ಟರು. ಬೆರಳನ್ನು ನೋಡಿದರು. ನಿಧಾನವಾಗಿ ತಿರುಗಿ, ನೋಯುವ ಮೊಣಕಾಲನ್ನು, ಕಿವಿಗಿಟ್ಟ ಫೋನನ್ನು, ಗೋಡೆಗೊರಗಿದ ಅಷ್ಟೂ ಜನರನ್ನು ನೋಡಿದರು.

“ಇವರಿಗೆಲ್ಲ ಇದು ಗೊತ್ತುಂಟಾ?”

ಪಾರ್ಕಿಂಗ್‌ನಲ್ಲಿದ್ದ ಎಲ್ಲರೂ ಆಶ್ರಿತಾಳ ಮುಖವನ್ನೇ ನೋಡಿದರು. ವಸಂತಕುಮಾರರಂತೂ ಸಣ್ಣಗೆ ತಲೆಯಲ್ಲಾಡಿಸಿ, ಬೇಡ ಎಂದು ಬೇಡಿಕೊಂಡರು.

“ಎಲ್ಲರಿಗೂ ಗೊತ್ತು, ಆಂಟಿ,” ಎಂದಳು ಆಶ್ರಿತಾ. “ನಿಮ್ಮ ಎದುರು ಬಾಯಿ ಬಿಡೋದಕ್ಕಿಂತ ನಿಮ್ಮನ್ನ ಇಳಿಜಾರಲ್ಲಿ ಬಿಡೋದೇ ಸುಲಭ ಅನ್ನಿಸ್ತು, ನಮಗೆಲ್ಲ.”