ಅರ್ಧ ತಾಸಿನ ತಂಪು

ಮೇ ತಿಂಗಳ ಮಧ್ಯಾಹ್ನ. ಕೂಡಲಸಂಗಮದಿಂದ ವಿಜಯಪುರಕ್ಕೆ ಹೋಗುವ ರಸ್ತೆ. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು...

ದಾವಣಗೆರೆಯಲ್ಲಿ ಟೈಲ್ಸ್ ಶೋರೂಮ್ ಇಟ್ಟುಕೊಂಡಿರುವ ನಿರಂಜನ, ತಾಯಿ ಗಿರಿಜಮ್ಮನವರನ್ನು ಪ್ರವಾಸಕ್ಕೆ ಕರೆದೊಯ್ಯಲು ಒಂದು ಕ್ಯಾರವಾನ್ ಬಾಡಿಗೆಗೆ ತಂದಿದ್ದ. ಮಂಚ, ಒಲೆ, ಫ್ರಿಜ್, ಎ.ಸಿ... ಗಾಲಿಯ ಮೇಲೊಂದು ಪುಟ್ಟ ಮನೆ.

ಆದರೆ ಮೂರನೇ ದಿನಕ್ಕೆ ಎ.ಸಿ. ಮೊದಲಿನಂತೆ ತಂಪು ಕೊಡುತ್ತಿರಲಿಲ್ಲ. ತಾಯಿಗೆ ಎಪ್ಪತ್ತಾರು ವರ್ಷ, ಬಿ.ಪಿ. ಬೇರೆ. ನಿರಂಜನನ ತಲೆ ಕೆಟ್ಟುಹೋಗಿತ್ತು.

ಒಂದು ಪೆಟ್ರೋಲ್ ಬಂಕ್‌ನ ಮೂಲೆಯಲ್ಲಿ ಗಾಡಿ ನಿಲ್ಲಿಸಿ, ಜನರೇಟರ್ ಹಾಕಿ, ಊಟ ಬಿಸಿ ಮಾಡಲು ಹೊರಟ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಮಾಸಿದ ಅಂಗಿ, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡ ಒಬ್ಬ ಗಂಡಸು.

"ಸಾಹೇಬ್ರ, ನನ್ನ ಗಾಡಿ ಕೆಟ್ಟೈತ್ರಿ. ಅರ್ಧ ತಾಸು ನನ್ನ ಮಗಳನ್ನ ನಿಮ್ಮ ಎ.ಸಿ.ಯಾಗ ಕುಂದರಿಸಿಕೊಳ್ರಿ. ಆಕಿಗಿ..."

"ನಮ್ಗೇ ಸಾಲ್ತಿಲ್ಲ. ಹೋಗಪ್ಪ, ಬೇರೆ ಕಡೆ ನೋಡು."

ನಿರಂಜನ ಬಾಗಿಲು ಹಾಕಿಕೊಂಡ. ಹೀಗೆ ಕಥೆ ಹೇಳಿಕೊಂಡು ಬರುವ ಎಷ್ಟು ಜನರನ್ನು ಅವನು ಕಂಡಿರಲಿಲ್ಲ... ಬಂದವರು ಯಾರೆಂದು ತಾಯಿ ಕೇಳಿದ್ದಕ್ಕೆ, ಯಾರೂ ಇಲ್ಲ ಎಂದುಬಿಟ್ಟ.

ಇಂಡಕ್ಷನ್ ಒಲೆ ಹಚ್ಚಿ ಎರಡು ನಿಮಿಷ ಆಗಿರಲಿಲ್ಲ. ಜನರೇಟರ್ ಕೆಮ್ಮಿದಂತೆ ಸದ್ದು ಮಾಡಿ ನಿಂತುಹೋಯಿತು. ಎ.ಸಿ. ಬಂದ್.

ಹತ್ತೇ ನಿಮಿಷ... ಒಳಗೆಲ್ಲ ಕಾದ ಹಂಚಿನಂತಾಯಿತು. ಬಾಡಿಗೆ ಕೊಟ್ಟವನ ಫೋನ್ ಸ್ವಿಚ್ಡ್ ಆಫ್. ಬಂಕ್‌ನಲ್ಲಿದ್ದದ್ದು ತಗಡಿನ ಒಂದು ಕೋಣೆ, ನಲ್ಲಿ ತಿರುಗಿಸಿದರೆ ಸುಡುವ ನೀರು.

"ಉಸಿರು ಕಟ್ಟಿದಂಗೆ ಆಗ್ತೈತಪ್ಪ..." ಎಂದು ಗಿರಿಜಮ್ಮ ಎದೆ ಹಿಡಿದುಕೊಂಡರು.

ನಿರಂಜನ ಟವೆಲ್ಲಿನಿಂದ ಗಾಳಿ ಬೀಸಿ ನೋಡಿದ. ದಿಕ್ಕು ತೋಚದೆ ಕೆಳಗಿಳಿದರೆ, ಅದೇ ಮನುಷ್ಯ ಎದುರಿಗೆ ಬರುತ್ತಿದ್ದ. ಜನರೇಟರ್ ನಿಂತ ಸದ್ದು ಅವನಿಗೂ ಕೇಳಿಸಿತ್ತು.

ಹೊರೆ ಹೆಚ್ಚಾಗಿ ಜನರೇಟರ್ ಕಾದು ನಿಂತಿದೆ ಎಂದ ಅವನು. ಒಲೆ, ಫ್ರಿಜ್ ಎಲ್ಲ ಆಫ್ ಮಾಡಿಸಿದ. ಮುಂದಿನ ಗಾಜಿಗೆ ಬಿಸಿಲು ಬೀಳದ ಹಾಗೆ ಗಾಡಿ ತಿರುಗಿಸಿ ನಿಲ್ಲಿಸಲು ಹೇಳಿ, ಗಾಜಿಗೆ ಬೆಡ್‌ಶೀಟ್ ಕಟ್ಟಿದ. ಎ.ಸಿ.ಯ ಫಿಲ್ಟರ್ ಎಳೆದರೆ ಕಂಬಳಿಯಷ್ಟು ದಪ್ಪ ಧೂಳು. ಅದನ್ನು ತೊಳೆದು ಹಾಕಿದ. ಜನರೇಟರ್‌ನ ಬಾಗಿಲು ತೆಗೆದು, ಐದು ನಿಮಿಷ ಆರಬೇಕು ಎಂದ.

ಆ ಐದು ನಿಮಿಷ ಮುಗಿಯುವಂತೆಯೇ ಇರಲಿಲ್ಲ...

ಕಾಯುವಾಗ ಅವನು ಮತ್ತೆ ಮತ್ತೆ ತಗಡಿನ ಕೋಣೆಯ ಕಡೆ ತಿರುಗಿ ನೋಡುತ್ತಿದ್ದ. ಯಾಕೆಂದು ನಿರಂಜನ ಕೇಳಲಿಲ್ಲ. ಅವನಿಗೆ ತನ್ನ ತಾಯಿಯ ಉಸಿರಿನದೇ ಚಿಂತೆ.

ಜನರೇಟರ್ ಶುರುವಾಯಿತು. ಎ.ಸಿ.ಯಿಂದ ತಣ್ಣನೆ ಗಾಳಿ ಬಂತು. ಗಿರಿಜಮ್ಮ ನಿಧಾನವಾಗಿ ಉಸಿರೆಳೆದುಕೊಂಡರು.

ಆಗ ಆ ಮನುಷ್ಯ ಮೆಟ್ಟಿಲ ಕೆಳಗೆ ನಿಂತು, ಗ್ರೀಸಿನ ಕೈಗಳನ್ನೇ ಜೋಡಿಸಿದ.

"ಸಾಹೇಬ್ರ... ಈಗರ ಒಳಗ ಕರ್ಕೊಂಡ್ ಬರ್ಲೇನ್ರಿ ನನ್ನ ಮಗಳನ್ನ?"

ನಿರಂಜನ ಆ ತಗಡಿನ ಕೋಣೆಯತ್ತ ಓಡಿದ.

ಒದ್ದೆ ಗೋಣಿಚೀಲದ ಮೇಲೆ ಎಂಟು ವರ್ಷದ ಹುಡುಗಿ ಮಲಗಿದ್ದಳು. ಬಂಕ್‌ನ ಹೆಣ್ಣುಮಗಳೊಬ್ಬಳು ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಹುಡುಗಿಯ ಮುಖ ಕೆಂಡದಂತಿತ್ತು, ಮೈ ಮುಟ್ಟಿದರೆ ಸುಡುತ್ತಿತ್ತು. ಆದರೆ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ.

"ಹುಟ್ಟಿದಾಗಿಂದ ಆಕಿ ಮೈ ಬೆವರಂಗಿಲ್ರಿ. ಬಿಸಿಲು ಒಳಗ ಹೊಕ್ಕರ ಹೊರಗ ಬರಂಗಿಲ್ಲ."

ಅವನ ಹೆಸರು ಯಮನಪ್ಪ. ಮಗಳು ದಾನೇಶ್ವರಿ. ಅವಳಿಗಾಗಿಯೇ ಹಳೆಯ ವ್ಯಾನಿಗೆ ತಾನೇ ಎ.ಸಿ. ಕೂರಿಸಿ, ಮೊದಲ ಸಲ ಹಗಲಿನಲ್ಲಿ ವಿಜಯಪುರ ತೋರಿಸಲು ಹೊರಟಿದ್ದ. ದಾರಿಯಲ್ಲಿ ಬೆಲ್ಟ್ ಹರಿದು ಎ.ಸಿ., ಇಂಜಿನ್ ಎರಡೂ ನಿಂತಿದ್ದವು. ಬಂಕ್‌ನವರು ಆಗತಾನೇ ಕರೆದಿದ್ದ ಆಂಬುಲೆನ್ಸ್ ಬರಲು ಇನ್ನೂ ಅರ್ಧ ಗಂಟೆ.

ನಿರಂಜನ ಹುಡುಗಿಯನ್ನು ಎತ್ತಿಕೊಂಡ. ಕ್ಯಾರವಾನ್ ಕಡೆ ಓಡುತ್ತಲೇ ಕೇಳಿದ.

"ಇದನ್ನ ಆಗ್ಲೇ ಯಾಕ್ರೀ ಹೇಳ್ಲಿಲ್ಲ ನೀವು?"

"ಹೇಳಾಕ ಹತ್ತಿದ್ದೆರಿ... ನೀವು ಬಾಗಲಾ ಹಾಕ್ಕೊಂಡ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಿರಂಜನನಿಗೆ ಎಷ್ಟೋ ಹಗುರಾಗುತ್ತಿತ್ತು.

ಗಿರಿಜಮ್ಮ ತಮ್ಮ ಮಂಚ ಬಿಟ್ಟುಕೊಟ್ಟರು. ಫ್ರಿಜ್‌ನ ನೀರಲ್ಲಿ ತಮ್ಮದೊಂದು ಸೀರೆ ಅದ್ದಿ ಹುಡುಗಿಯ ಮೈಮೇಲೆ ಹಾಸಿದರು. ಒಂದು ಸಲ ಮಾತ್ರ ತಲೆಯೆತ್ತಿ ಮಗನನ್ನು ನೋಡಿದರು.

"ಯಾರೂ ಇಲ್ಲ ಅಂದ್ಯಲ್ಲಪ್ಪ..."

ನಿರಂಜನ ತಾಯಿಯ ಔಷಧಿ ಚೀಲ ತೆಗೆದು ಥರ್ಮಾಮೀಟರ್ ಹುಡುಕಿದ.

ಥರ್ಮಾಮೀಟರ್ ನೂರಾನಾಲ್ಕು ತೋರಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರೆ, ಇನ್ನೂ ನೂರಾನಾಲ್ಕು... ಯಮನಪ್ಪ ಮಗಳ ಪಾದ ಹಿಡಿದು ಕೂತುಬಿಟ್ಟಿದ್ದ.

ನೂರಾಮೂರು...

ನೂರಾ ಎರಡಕ್ಕೆ ಇಳಿದಾಗ ಹುಡುಗಿ ಕಣ್ಣು ತೆರೆದಳು. ಸುತ್ತಲೂ ತಂಪು, ತಲೆಯ ಮೇಲೆ ಬೆಳ್ಳನೆಯ ಛಾವಣಿ.

"ಅಪ್ಪಾ... ಗೋಳಗುಮ್ಮಟ ಬಂತೇನು?"

ನಿರಂಜನ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟ.

ಆಂಬುಲೆನ್ಸ್‌ನಲ್ಲಿ ಬಂದ ನರ್ಸ್ ಹುಡುಗಿಯನ್ನು ಪರೀಕ್ಷಿಸಿ, ಜೀವಕ್ಕೆ ಅಪಾಯವಿಲ್ಲ ಎಂದರು. ಇನ್ನೊಂದು ಇಪ್ಪತ್ತು ನಿಮಿಷ ಆ ಕೋಣೆಯಲ್ಲೇ ಇದ್ದಿದ್ದರೆ... ಎಂದು ಶುರುಮಾಡಿ, ತಂದೆಯ ಮುಖ ನೋಡಿ ಸುಮ್ಮನಾದರು.

ನಿರಂಜನ ಪ್ರವಾಸ ಮುಂದುವರಿಸಲಿಲ್ಲ. ದಾನೇಶ್ವರಿಯನ್ನು ಆಸ್ಪತ್ರೆಯಿಂದ ಬಿಡುವವರೆಗೆ ವಿಜಯಪುರದಲ್ಲೇ ಉಳಿದ. ಮೂರನೆಯ ದಿನ ಬೆಳಗ್ಗೆ, ಬಿಸಿಲೇರುವ ಮೊದಲೇ, ಅವಳು ಗಿರಿಜಮ್ಮನವರ ಕೈ ಹಿಡಿದು ಗೋಳಗುಮ್ಮಟದ ಮುಂದೆ ನಿಂತಿದ್ದಳು.

ಅವರ ಹಿಂದೆ ನಿಂತಿದ್ದ ನಿರಂಜನ ಯಮನಪ್ಪನಿಗೆ ಏನೋ ಹೇಳಲು ಹೋದ. ಅರ್ಧಕ್ಕೇ ಮಾತು ನಿಂತಿತು.

ಯಮನಪ್ಪ ಅವಸರ ಮಾಡಲಿಲ್ಲ. ಅವನ ಮಾತು ಮುಗಿಯುವವರೆಗೂ ಅಲ್ಲೇ ಕಾದು ನಿಂತ.

ಸಹಾಯ ಮಾಡಲು ಎಲ್ಲ ಸಲವೂ ಆಗಲಿಕ್ಕಿಲ್ಲ... ಎದುರಿಗೆ ನಿಂತವರ ಮಾತನ್ನು ಪೂರ್ತಿ ಕೇಳುವುದು ಯಾವಾಗಲೂ ಆಗುತ್ತದೆ.

ಇವತ್ತು ನೀವು ಯಾರ ಮಾತನ್ನು ಅರ್ಧಕ್ಕೇ ಬಿಟ್ಟು ಬಾಗಿಲು ಹಾಕಿಕೊಂಡಿರಿ?