ಆವಲಪ್ಪನ ‘ಹೂಂ’

ಬಯ್ಯಪ್ಪ ಎಲೆ ಅಡಿಕೆ ತಟ್ಟೆ ಹಿಡಿದು ಒಳಗೆ ಬಂದಾಗಲೇ ಅಕ್ಕಯ್ಯಮ್ಮನಿಗೆ ಅನುಮಾನ ಬಂತು. ಲಕ್ವ ಹೊಡೆದು ಮಲಗಿದ್ದ ಅಣ್ಣನನ್ನು ನೋಡಲು ಯಾವತ್ತೂ ಕೈ ಬೀಸಿಕೊಂಡು ಬರುತ್ತಿದ್ದ ಮೈದುನ ಇವತ್ತು ಇಸ್ತ್ರಿ ಅಂಗಿ ಬೇರೆ ತೊಟ್ಟಿದ್ದ. ಅವಳು ರೇಷ್ಮೆಹುಳಕ್ಕೆ ಸೊಪ್ಪು ಹಾಕುವುದನ್ನು ಅರ್ಧಕ್ಕೇ ಬಿಟ್ಟು ಗಂಡ ಆವಲಪ್ಪನ ಮಂಚದ ಬಳಿ ಬಂದು ನಿಂತಳು.

“ಬಾವಿ ಪಕ್ಕದ ಹಿಪ್ಪುನೇರಳೆ ತೋಟ ನಂಗೇ ಅಂತ ಅಣ್ಣ ಮಾತು ಕೊಟ್ಟಿದಾನೆ ಅತ್ತಿಗೆ. ನೀವೇ ನೋಡ್ರಿ,” ಎಂದು ಬಯ್ಯಪ್ಪ ಮೊಬೈಲ್ ಮುಂದೆ ಹಿಡಿದ. ವಿಡಿಯೋದಲ್ಲಿ ಅವನದೇ ದನಿ: “ಅಣ್ಣ, ನಿನ್ನ ತೋಟ ನಂಗೆ ಬಿಟ್ಕೊಟ್ಟೆ ತಾನೆ?” ಆವಲಪ್ಪ ತಲೆಯಾಡಿಸಿ, “ಹೂಂ,” ಎಂದಿದ್ದ.

ಆ ತೋಟ ಹೋದರೆ ಹುಳದ ಮನೆಗೆ ಬೀಗವೇ ಗತಿ. ಹಿರಿಯ ಎಲೆ ಅಡಿಕೆ ತೆಗೆದುಕೊಂಡನೆಂದರೆ ಆ ಮನೆಯಲ್ಲಿ ಮಾತು ಮುಗಿದಂತೆ. ಆವಲಪ್ಪ ಸ್ವಾಧೀನವಿದ್ದ ಎಡಗೈಯನ್ನು ಆಗಲೇ ತಟ್ಟೆಯತ್ತ ಚಾಚಿದ್ದ. ಅಣ್ಣತಮ್ಮಂದಿರು ಸೇರಿಕೊಂಡೇ ಈ ಆಟ ಹೂಡಿದ್ದಾರೋ ಏನೋ!

ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಬೇರೆಯದೇ ಹೇಳಿದ್ದರು. “ಮಿದುಳಿಗೆ ಏಟು ಬಿದ್ದಿದೆ ಕಣಮ್ಮ. ಬಿಡಿಬಿಡಿಯಾಗಿ ಒಂದೊಂದು ಮಾತು ತಿಳಿಯುತ್ತೆ. ಯಾರು ಯಾರಿಗೆ ಏನು ಮಾಡಿದ್ರು ಅನ್ನೋದು ಮಾತ್ರ ಕಲೆಸಿ ಹೋಗುತ್ತೆ.” ಅಕ್ಕಯ್ಯಮ್ಮ ಅದನ್ನು ನಂಬಿರಲಿಲ್ಲ, ನಂಬಲು ಮನಸ್ಸೂ ಇರಲಿಲ್ಲ. ಮೊನ್ನೆ ಗಂಜಿ ಕುಡಿಸುತ್ತಾ, “ಅಷ್ಟು ವರ್ಷ ನೀವು ನನ್ನ ಹೊಡೆದಿದ್ದು ತಪ್ಪಲ್ವಾ?” ಎಂದು ಕೇಳಿದ್ದಳು. ಅವನು ಕಣ್ತುಂಬಿಕೊಂಡು “ಹೂಂ” ಎಂದಿದ್ದ. ಮದುವೆಯಾದಾಗಿನಿಂದ ಅವಳಿಗೆ ಸಿಕ್ಕ ಸಮಾಧಾನ ಅದೊಂದೇ.

ಗಂಡನಿಗೆ ಮಾತು ತಿಳಿಯುತ್ತದೆ ಎಂದರೆ ತೋಟ ಬಯ್ಯಪ್ಪನದು. ತಿಳಿಯುವುದಿಲ್ಲ ಎಂದರೆ ಮೊನ್ನೆಯ ‘ಹೂಂ’? ಆದರೂ ತಟ್ಟೆಗೆ ಕೈ ಅಡ್ಡ ಹಿಡಿದಳು.

“ಇದನ್ನೂ ವಿಡಿಯೋ ಮಾಡ್ಕೊಳ್ಳಪ್ಪ,” ಎಂದು ಗಂಡನತ್ತ ಬಾಗಿದಳು. “ಏನೂಂದ್ರೆ, ಬಯ್ಯಪ್ಪ ತನ್ನ ತೋಟ ನಿಮಗೆ ಬಿಟ್ಕೊಟ್ಟ ತಾನೆ?”

“ಹೂಂ,” ಎಂದ ಆವಲಪ್ಪ, ಅಷ್ಟೇ ಗಂಭೀರವಾಗಿ.

ಬಯ್ಯಪ್ಪ ಇಂಗು ತಿಂದ ಮಂಗನಂತಾದ. ಮೊಬೈಲ್ ಜೇಬಿಗಿಳಿಸಿ, ತಟ್ಟೆ ಎತ್ತಿಕೊಂಡ. “ಆಯ್ತು ಬಿಡ್ರಿ ಅತ್ತಿಗೆ. ಇನ್ಮೇಲೆ ಅಣ್ಣ ಯಾರಿಗೆ ಹೂಂ ಅಂದ್ರೂ ಲೆಕ್ಕಕ್ಕಿಲ್ಲ,” ಎಂದು ಹೊಸ್ತಿಲು ದಾಟಿದ.

ತೋಟ ಉಳಿಯಿತು. ಹುಳಗಳು ಸೊಪ್ಪಿಗೆ ಕಾಯುತ್ತಿದ್ದವು. ಅಕ್ಕಯ್ಯಮ್ಮ ಮಾತ್ರ ಮಂಚದ ಅಂಚಿಗೆ ಕೂತುಬಿಟ್ಟಳು. ಕೇಳಬಾರದು, ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದಳು.

“ಅಷ್ಟು ವರ್ಷ ನಾನು ನಿಮ್ಮನ್ನ ಹೊಡೆದಿದ್ದು ತಪ್ಪಲ್ವಾ?”

ಆವಲಪ್ಪ ಅವಳ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿ ಬಂತು.

“ಹೂಂ.”