ಬಾಯಲ್ಲಿ ಗುಂಡುಸೂಜಿ

ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದ ದರ್ಜಿ, ಅರ್ಧ ಹೊಲಿದ ಕೋಟು ತೊಟ್ಟು ನಿಂತವನನ್ನು ಒಂದು ಸುತ್ತು ಬಂದು, ಕಾಜಾ ಹೊಲಿಯುತ್ತಿದ್ದ ಹೆಂಡತಿಯ ಕಡೆ ತಿರುಗಿ ಗುನುಗಿದ: ‘ಇವನೇನೇ, ನಮ್ಮ ಹುಡುಗಿ ಹಿಂದೆ ಬಿದ್ದಿರೋನು?’

‘ಇವನೇ ಕಣ್ರೀ. ಮೆತ್ತಗೆ,’ ಎಂದು ಅವಳೂ ತುಟಿ ಬಿಚ್ಚದೆ ಗುನುಗಿದಳು.

ಅವರ ಮನೆಮಾತೇ ಅಂಥದ್ದು. ದನಿ ಏರಿದರೆ ಒಂದು ಮಾತು, ಇಳಿದರೆ ಇನ್ನೊಂದು, ಏರಿ ಇಳಿದರೆ ಮತ್ತೊಂದು. ಅಕ್ಷರಗಳನ್ನೆಲ್ಲ ಬಿಚ್ಚಿ ತೆಗೆದರೂ ಏರಿಳಿತವೊಂದು ಉಳಿದರೆ ಗಂಡಹೆಂಡಿರಿಗೆ ಸಾಕು. ಮಾಸ್ತರು ಹಾಡಿನ ಹುಚ್ಚಿನವರು ಎಂದು ಗಿರಾಕಿಗಳು ತಲೆದೂಗುತ್ತಿದ್ದರು. ಆ ಹಾಡಿನಲ್ಲಿ ಗಿರಾಕಿಗಳದೇ ಹೊಟ್ಟೆಯಿಂದ ಹಿಡಿದು ಜಿಪುಣತನದವರೆಗೆ ಎಲ್ಲದರ ಅಳತೆ ಇರುತ್ತಿತ್ತು.

ಇವತ್ತು ನಿಂತವನು ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ವೇಳೆ ಹೇಳುವ ಕೆಲಸದವನು. ಕೋಟು ಬರೀ ನೆಪ. ಈ ವಾರ ಬಂದು ಹೆಣ್ಣು ಕೇಳದಿದ್ದರೆ ಅಪ್ಪ ತಮ್ಮ ಭಾಷೆಯ ಹುಡುಗನಿಗೇ ಮಾತು ಕೊಟ್ಟುಬಿಡುತ್ತಾರೆ ಎಂದು ಮಗಳು ಎಚ್ಚರಿಸಿದ್ದಳು. ಅವಳೀಗ ಮೂಲೆಯಲ್ಲಿ ಕೂತು, ಬಟ್ಟೆಯೇ ಇಲ್ಲದ ಮಿಷನ್ನು ತುಳಿಯುತ್ತಿದ್ದಳು.

‘ಭುಜ ಒಂದು ಮೇಲೆ, ಒಂದು ಕೆಳಗೆ. ಹೋಗ್ಲಿ, ಪ್ಯಾಡ್ ಇಡಬಹುದು,’ ದರ್ಜಿ ಗುನುಗಿದ. ‘ದನಿಗೇನು ಇಡ್ಲಿ? ಸ್ಟೇಷನ್ನಲ್ಲಿ ಕೇಳಿದ್ದೀನಿ. ರೈಲು ಬಂತು ಅನ್ನೋದಕ್ಕೂ ರದ್ದಾಯ್ತು ಅನ್ನೋದಕ್ಕೂ ಒಂದೇ ದನಿ. ಇಸ್ತ್ರಿ ಹೊಡೆದ ಹಾಗೆ ಸಪಾಟು.’

‘ಒಳ್ಳೆ ಹುಡುಗನಂತೆ ಕಣ್ರೀ.’

‘ಒಳ್ಳೆತನ ಯಾರಿಗೆ ಬೇಕೇ? ನಾಳೆ ಮೊಮ್ಮಕ್ಕಳಾದರೆ ನಮ್ಮ ರಾಗ ಎಲ್ಲಿಂದ ಬರಬೇಕು? ಅವು ನಿನ್ನ ಅಜ್ಜೀ ಅಂತ ಕರೆದರೆ, ಗೂಡ್ಸ್ ಗಾಡಿ ಬಂತು ಅಂದ ಹಾಗಿರುತ್ತೆ. ಬೇಡ. ಕೋಟು ಹೊಲಿದು ಕಳಿಸಿಬಿಡೋಣ.’

ನಿಂತವನಿಗೆ ಒಂದು ಮಾತೂ ಬಿಡದೆ ಅರ್ಥವಾಗಿತ್ತು. ಮನೆಯವರಿಗೆ ಕೇಳಿಸಬಾರದೆಂದು ದಿಂಬಿಗೆ ಬಾಯಿ ಒತ್ತಿಕೊಂಡೇ ಫೋನಿನಲ್ಲಿ ಮಾತಾಡುತ್ತಿದ್ದ ಹುಡುಗಿಯಿಂದ ಅವನು ಕಲಿತದ್ದು ಪದಗಳನ್ನಲ್ಲ, ಬರೀ ಏರಿಳಿತವನ್ನು. ಕೇಳಲು ಬರುತ್ತಿತ್ತು. ಆಡಲು ಧೈರ್ಯ ಮಾಡಿರಲಿಲ್ಲ.

ಮಿಷನ್ನು ನಿಂತಿತು. ಅವನು ತುಟಿ ಬಿಗಿದುಕೊಂಡು ಗುನುಗಿದ. ಏರಬೇಕಾದಲ್ಲಿ ದನಿ ಏದುಸಿರು ಬಿಟ್ಟಿತು, ಇಳಿಯಬೇಕಾದಲ್ಲಿ ಎಡವಿ ಬಿತ್ತು. ಆದರೂ ಮಾತು ಮುಟ್ಟಿತು:

‘ಕಂಕುಳಲ್ಲಿ ಬಿಗಿ, ಮಾವ.’

ಹೆಂಡತಿ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು. ದರ್ಜಿ ಗುಂಡುಸೂಜಿ ನುಂಗದೆ ಉಳಿದದ್ದೇ ಹೆಚ್ಚು. ಮಗಳ ಕಡೆ ನೋಡಿದ. ಅವಳು ನೆಲಕ್ಕೆ ಬಿದ್ದೇ ಇರದ ಕತ್ತರಿಯೊಂದನ್ನು ಬಗ್ಗಿ ಹುಡುಕುತ್ತಿದ್ದಳು. ಹುಡುಗನ ಕಂಕುಳಿಗೆ ಬೆರಳು ತೂರಿಸಿದ. ನಿಜಕ್ಕೂ ಬಿಗಿಯೇ ಇತ್ತು.

ಆಮೇಲೆ ದರ್ಜಿ ಅವನ ಗದ್ದವನ್ನು ಬೆರಳಿನಿಂದ ಎತ್ತಿ ಹಿಡಿದು, ಆ ಕೊನೆಯ ಮಾತೊಂದನ್ನೇ, ತುದಿಯನ್ನು ಇನ್ನಷ್ಟು ಮೇಲಕ್ಕೆಳೆದು ತೋರಿಸಿಕೊಟ್ಟ.

‘ಮಾವ.’

‘ಮಾವ.’

‘ಊಹ್ಞೂಂ. ಇನ್ನೂ ಮೇಲೆ. ಮಾವ.’

ಬಾಗಿಲಲ್ಲಿ ಗಿರಾಕಿಯೊಬ್ಬ ಇಣುಕಿದ. “ಏನಕ್ಕಾ, ನನ್ನ ಪ್ಯಾಂಟು ಇವತ್ತು ಸಿಗುತ್ತಾ?”

“ನಾಳೆ ಬಾಪ್ಪಾ,” ಎಂದಳು ದರ್ಜಿಯ ಹೆಂಡತಿ, ಬೆರಳು ಚೀಪುತ್ತಾ. “ಅಳಿಯನ ದನಿ ಆಲ್ಟರ್ ಮಾಡ್ತಿದ್ದಾರೆ.”